ಜಲಾಂತರ್ಗಾಮಿ ಆಟಗಳಲ್ಲಿ ಟಾರ್ಪಿಡೊ ಗುರಿಲೆಕ್ಕ

1985ರಲ್ಲಿ ಮೈಕ್ರೋಪ್ರೋಸ್ ಹೊರತಂದ, ಸಿಡ್ ಮೈಯರ್ ರೂಪಿಸಿದ ‘ಸೈಲೆಂಟ್ ಸರ್ವಿಸ್’ ಆಟದಲ್ಲಿ ವಾಸ್ತವಿಕತೆಯನ್ನು ಹೆಚ್ಚಿಸುವ ಏಳು ಆಯ್ಕೆಗಳಿದ್ದವು. ಸಿಡಿಯದೆ ಹುಸಿಹೋಗುವ ಟಾರ್ಪಿಡೊ, ಅಂಕುಡೊಂಕಾಗಿ ಸಾಗುವ ಹಡಗುಸಾಲು ಮುಂತಾದವುಗಳ ನಡುವೆ ಇನ್ನೊಂದು ಆಯ್ಕೆಯೂ ಇತ್ತು. ಅದನ್ನು ಆರಿಸಿಕೊಂಡರೆ ಶತ್ರುಹಡಗಿನ ಮೂತಿ ನಮ್ಮತ್ತ ಎಷ್ಟು ಡಿಗ್ರಿ ಓರೆಯಾಗಿದೆ ಎಂಬುದನ್ನು ಆಟಗಾರನೇ ಅಂದಾಜಿಸಬೇಕಿತ್ತು. ಕೈಯಾರೆ ಗುರಿ ಹಿಡಿಯುವ ಪದ್ಧತಿಯ ಇತಿಹಾಸವನ್ನು ಈ ಆಯ್ಕೆಯಿಂದ ಆರಂಭಿಸುವುದೇ ಸರಿ ಎಂಬುದು ನನ್ನ ವಾದ. ಮಿಡ್‌ವೇ ಕಂಪನಿಯ ‘ಸೀ ವುಲ್ಫ್’ (1976) ಆರ್ಕೇಡ್ ಯಂತ್ರದಲ್ಲೂ ಪೆರಿಸ್ಕೋಪ್ ಇತ್ತು, ಓಡುವ ಹಡಗಿನ ಮುಂದಕ್ಕೆ ಹೊಡೆಯಬೇಕಿತ್ತು, ನಿಜ. ಆದರೆ ಅಲ್ಲಿ ಗೆಲ್ಲಿಸುತ್ತಿದ್ದುದು ಕಣ್ಣು ಕೈಗಳ ಚುರುಕು. ಲೆಕ್ಕಕ್ಕೆ ಜಾಗವಿರಲಿಲ್ಲ.

ಲೆಕ್ಕ ಮೇಲ್ನೋಟಕ್ಕೆ ಸರಳ. ನೇರವಾಗಿ ಓಡುವ ಟಾರ್ಪಿಡೊವನ್ನು ಎಷ್ಟು ಡಿಗ್ರಿ ಮುಂದಕ್ಕೆ ಬಿಡಬೇಕೆಂದು ತಿಳಿಯಲು ಹಡಗಿನ ವೇಗವನ್ನು ಟಾರ್ಪಿಡೊ ವೇಗದಿಂದ ಭಾಗಿಸಿ, ಮೂತಿಯ ಕೋನದ ಸೈನ್‌ನಿಂದ ಗುಣಿಸಿದರೆ ಬೇಕಾದ ಕೋನದ ಸೈನ್ ಸಿಗುತ್ತದೆ. ದೂರಕ್ಕೆ ಇಲ್ಲಿ ಪಾತ್ರವೇ ಇಲ್ಲ. ಟಾರ್ಪಿಡೊ ಗೈರೊ ನೆರವಿನಿಂದ ತಿರುಗಿ ಓಡಬೇಕಾದಾಗ ಮಾತ್ರ ದೂರ ಮುಖ್ಯವಾಗುತ್ತದೆ. ಜರ್ಮನರ ವಿದ್ಯುತ್ ಟಾರ್ಪಿಡೊ ಜಿ7ಇಯ ವೇಗ 30 ನಾಟ್. ಎದುರಿಗೆ ಅಡ್ಡಲಾಗಿ 8 ನಾಟ್ ವೇಗದಲ್ಲಿ ಹಡಗು ಹೋಗುತ್ತಿದ್ದರೆ ಸುಮಾರು 15.5 ಡಿಗ್ರಿ ಮುಂದಕ್ಕೆ ಗುರಿಯಿಡಬೇಕು. ಮೂತಿಯ ಕೋನವನ್ನು 90ರ ಬದಲು 80 ಎಂದು ತಪ್ಪಾಗಿ ಊಹಿಸಿದರೂ ಉತ್ತರ ಅರ್ಧ ಡಿಗ್ರಿಯಷ್ಟೂ ಕದಲದು. ಅಡ್ಡಲಾಗಿ ಬರುವ ಗುರಿಗಾಗಿ ಅನುಭವಿ ಆಟಗಾರರು ಕಾದು ಕೂರುವುದು ಇದಕ್ಕೇ.

ವೇಗದ ವಿಷಯದಲ್ಲಿ ಈ ಕ್ಷಮೆಯಿಲ್ಲ. ಹಡಗು ನಿಜಕ್ಕೂ 10 ನಾಟ್‌ನಲ್ಲಿ ಹೋಗುತ್ತಿದ್ದು ನಾವು 8 ಎಂದುಕೊಂಡರೆ, 1,000 ಮೀಟರ್ ದೂರದಿಂದ ಬಿಟ್ಟ ಟಾರ್ಪಿಡೊ ಹಡಗಿನ ನಡುಭಾಗದಿಂದ ಸುಮಾರು 69 ಮೀಟರ್ ಹಿಂದೆ ಹಾದುಹೋಗುತ್ತದೆ. ಅಮೆರಿಕದ ಲಿಬರ್ಟಿ ಸರಕುಹಡಗಿನ ಅರ್ಧ ಉದ್ದ 67 ಮೀಟರ್! ಹಾಗಾಗಿ ಆಟಗಾರರು ಜಲಾಂತರ್ಗಾಮಿಯನ್ನು ನಿಲ್ಲಿಸಿ, ಪೆರಿಸ್ಕೋಪಿನ ನಡುಗೆರೆಯನ್ನು ಕದಲಿಸದೆ, ಹಡಗಿನ ಮೂತಿಯಿಂದ ಬಾಲದವರೆಗೆ ಗೆರೆ ದಾಟಲು ಹಿಡಿಯುವ ಸೆಕೆಂಡುಗಳನ್ನು ಸ್ಟಾಪ್‌ವಾಚಿನಲ್ಲಿ ಎಣಿಸುತ್ತಾರೆ. ಲಿಬರ್ಟಿ ಹಡಗಿಗೆ 33 ಸೆಕೆಂಡು ಹಿಡಿದರೆ ವೇಗ 8 ನಾಟ್.

ಈ ದುಡಿಮೆ ಅತಿ ವಿವರವಾಗಿ ಮೂಡಿದ್ದು ಬುಕಾರೆಸ್ಟ್‌ನ ಯೂಬಿಸಾಫ್ಟ್ ತಂಡ 2005ರಲ್ಲಿ ಮುಗಿಸಿದ ‘ಸೈಲೆಂಟ್ ಹಂಟರ್ 3’ರಲ್ಲಿ. ಹಡಗುಗಳ ಗುರುತುಪುಸ್ತಕ ತೆರೆದು ಹಡಗಿನ ಜಾತಿ ಪತ್ತೆಮಾಡಬೇಕು, ಕೂವೆಮರದ ಎತ್ತರದಿಂದ ದೂರ ಅಳೆಯಬೇಕು, ಕೋನವನ್ನೂ ವೇಗವನ್ನೂ ಒಂದೊಂದಾಗಿ ಗಣಕಕ್ಕೆ ದಾಟಿಸಬೇಕು. ಬೇಡವೆನ್ನುವವರಿಗೆ ಶಸ್ತ್ರಾಧಿಕಾರಿಯೇ ಎಲ್ಲವನ್ನೂ ಮಾಡಿಕೊಡುತ್ತಾನೆ. ಪೆಸಿಫಿಕ್ ಸಾಗರದ ಕಥೆಯುಳ್ಳ ನಾಲ್ಕನೆಯ ಭಾಗ (2007) ಅಮೆರಿಕದ ಟಾರ್ಪಿಡೊ ಗಣಕಯಂತ್ರವನ್ನು ತಂದಿತು. ಒಮ್ಮೆ ಕೊಟ್ಟ ವೇಗ, ದಿಕ್ಕುಗಳಿಂದ ಗುರಿ ಈಗ ಎಲ್ಲಿರಬೇಕೆಂಬುದನ್ನು ಅದು ತಾನೇ ಲೆಕ್ಕ ಹಾಕುತ್ತ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಆಟಗಳ ದೊಡ್ಡ ಸಾಧನೆ ಅಲೆ, ಹೊಗೆಗಳ ಚಿತ್ರಣವಲ್ಲ. ಯುದ್ಧದ ತೀರ್ಮಾನಗಳು ಎಷ್ಟು ತೆಳುವಾದ ಅಂದಾಜುಗಳ ಮೇಲೆ ನಿಂತಿದ್ದವು ಎಂಬುದನ್ನು ಅವು ಮೈಗೆ ತಾಕುವಂತೆ ತಿಳಿಸುತ್ತವೆ, ಆ ಅಂದಾಜಿನ ಆಚೆ ಬದಿಯಲ್ಲಿ ನಾವಿಕರು ಇದ್ದರೆಂಬುದನ್ನು ಮಾತ್ರ ತೋರಿಸುವುದು ಕಡಿಮೆ.

ಇನ್ನೊಂದು ಕೊರತೆಯನ್ನು ಇತಿಹಾಸಕಾರರು ಗಮನಿಸಲೇಬೇಕು. ನಿಜವಾದ ಜಲಾಂತರ್ಗಾಮಿಯಲ್ಲಿ ಇದು ಒಬ್ಬನ ಕೆಲಸವಾಗಿರಲಿಲ್ಲ. ಜರ್ಮನ್ ಯು-ಬೋಟ್ ರಾತ್ರಿ ನೀರಿನ ಮೇಲಿಂದ ದಾಳಿ ಮಾಡುವಾಗ ಗುರಿ ಹಿಡಿಯುತ್ತಿದ್ದವನು ಮೊದಲ ಕಾವಲು ಅಧಿಕಾರಿ. ಕೆಳಗೆ ಗಣಕದ ಬಳಿ ಬೇರೆಯವರಿರುತ್ತಿದ್ದರು. ಅಮೆರಿಕದ ‘ವಾಹೂ’ವಿನ ನಾಯಕ ಡಡ್ಲಿ ಮಾರ್ಟನ್, ಪೆರಿಸ್ಕೋಪನ್ನು ತನ್ನ ಸಹಾಯಕ ರಿಚರ್ಡ್ ಓಕೇನ್ ಕೈಗೆ ಕೊಟ್ಟು ತಾನು ಇಡೀ ದಾಳಿಯ ಚಿತ್ರವನ್ನು ಮನಸ್ಸಿನಲ್ಲಿ ಹಿಡಿಯುತ್ತಿದ್ದ. ಅದೇ ಓಕೇನ್ ಹೆಸರನ್ನು ಆಟಗಾರರು ಒಂದು ಗುರಿವಿಧಾನಕ್ಕೆ ಇಟ್ಟಿದ್ದಾರೆ. ಆದರೆ ಆ ವಿಧಾನವನ್ನು ಅವರು ಒಂಟಿಯಾಗಿ ಕೂತು ನಡೆಸುತ್ತಾರೆ. 2019ರಲ್ಲಿ ಆರಂಭಿಕ ರೂಪದಲ್ಲಿ ಬಂದ ‘ವುಲ್ಫ್‌ಪ್ಯಾಕ್’ ಈ ಕೆಲಸವನ್ನು ಮತ್ತೆ ಹಂಚಿತು. ಅದರಲ್ಲಿ ಹಲವರು ಸೇರಿ ಒಂದೇ ಯು-ಬೋಟ್ ನಡೆಸುತ್ತಾರೆ. ಪೆರಿಸ್ಕೋಪಿನಲ್ಲಿ ಕಂಡದ್ದನ್ನು ನಾಯಕ ಬಾಯಿಬಿಟ್ಟು ಹೇಳಬೇಕು, ಕೇಳಿಸಿಕೊಂಡವನು ಅಂಕಿಯನ್ನು ತಪ್ಪಿಲ್ಲದೆ ಗಣಕಕ್ಕೆ ತುಂಬಬೇಕು.