ಅಣುಗಳ ಆಕೃತಿ ನಿರ್ಣಯ: ಒಂದು ಚಾರಿತ್ರಿಕ ವಿವೇಚನೆ

ರಾಮನಗರ ತಾಲ್ಲೂಕಿನ ಬಿಡದಿ ಹೋಬಳಿಗೆ ಸೇರಿದ ಬೈರಮಂಗಲದ ಕೆರೆಯು ವೃಷಭಾವತಿಯ ನೀರನ್ನು ತಡೆದು ನಿಲ್ಲಿಸಿದ ಜಲಾಶಯವಾಗಿದೆ. ಬೆಂಗಳೂರಿನ ಚರಂಡಿಗಳ ಕಲ್ಮಷವು ಈ ನದಿಯ ಮೂಲಕ ಬಂದು ಇಲ್ಲಿ ತಂಗುವುದೆಂಬುದು ಈ ಪ್ರಾಂತದವರೆಲ್ಲರೂ ಬಲ್ಲ ಸಂಗತಿ. ಗಾಳಿಯ ಸಂಪರ್ಕವಿಲ್ಲದೆ ಕೊಳೆಯುವ ಇಂಥ ನೀರಿನಲ್ಲಿ ಮೀಥೇನ್, ಅಮೋನಿಯ, ಹೈಡ್ರೋಜನ್ ಸಲ್ಫೈಡ್ ಎಂಬ ಮೂರು ಅನಿಲಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆಯ ನಾತವು ಮೂರನೆಯದರದು. ಮೂಗಿಗೆ ಅಪ್ರಿಯವಾದ ಈ ಸಮೂಹವು ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಮಾತ್ರ ಒಂದು ಪಾಠದಂತಿದೆ. ಮೀಥೇನಿನ ಅಣುವಿನಲ್ಲಿ ಎರಡು ಬಂಧಗಳ ನಡುವಣ ಕೋನ 109.5 ಅಂಶ, ಅಮೋನಿಯದಲ್ಲಿ ಸುಮಾರು 107, ನೀರಿನಲ್ಲಿ 104.5, ಹೈಡ್ರೋಜನ್ ಸಲ್ಫೈಡಿನಲ್ಲಿ ಸುಮಾರು 92.

ಕಣ್ಣಿಗೆ ಕಾಣದ ಅಣುವಿನ ಆಕೃತಿಯನ್ನು ಅದರ ಎಲೆಕ್ಟ್ರಾನುಗಳನ್ನು ಎಣಿಸಿದ ಮಾತ್ರಕ್ಕೆ ಮುಂದಾಗಿಯೇ ಹೇಳಬಹುದೆಂಬ ವಾದವು ಹೇಗೆ ಬೆಳೆದು ಬಂದಿತೆಂಬುದನ್ನೂ, ಅದರಲ್ಲಿ ನಮ್ಮ ನಾಡಿನ ಸಂಬಂಧವೆಷ್ಟೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ. ಪಠ್ಯಪುಸ್ತಕಗಳಲ್ಲಿ ಈ ವಾದಕ್ಕೆ ಗಿಲೆಸ್ಪಿ ಮತ್ತು ನೈಹೋಮ್ ಎಂಬಿಬ್ಬರ ಹೆಸರನ್ನು ಹೇಳಿ ಮುಗಿಸುವ ವಾಡಿಕೆಯಿದೆ. ಚರಿತ್ರೆಯ ದೃಷ್ಟಿಯಿಂದ ಅದು ಸಾಲದು.

ಅಣುವಿಗೆ ಉದ್ದ ಅಗಲಗಳಲ್ಲದೆ ಆಳವೂ ಇದೆಯೆಂದು 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಎಂಬ ತರುಣರು ಬೇರೆಬೇರೆಯಾಗಿ ಸಾರಿದರು. ಇಂಗಾಲದ ನಾಲ್ಕು ಬಂಧಗಳು ನಾಲ್ಕು ತ್ರಿಕೋಣ ಮುಖಗಳುಳ್ಳ ಘನಾಕೃತಿಯ ಮೂಲೆಗಳ ಕಡೆಗೆ ಚಾಚಿರುವುವೆಂಬುದು ಅವರ ಮತ. ಆಗ ಎಲೆಕ್ಟ್ರಾನು ಇನ್ನೂ ಪತ್ತೆಯಾಗಿರಲಿಲ್ಲ. 1916ರಲ್ಲಿ ಅಮೆರಿಕದ ಜಿ. ಎನ್. ಲೂಯಿಸನು, ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದೇ ಬಂಧವೆಂದು ಹೇಳಿದನು. ಬಂಧದಲ್ಲಿ ಸೇರದೆ ಉಳಿದ ಜೋಡಿಗಳೂ ಉಂಟೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಜೋಡಿಗಳ ಎಣಿಕೆಯಿಂದ ಆಕೃತಿಯನ್ನು ಕಾಣುವ ದಾರಿ ಇನ್ನೂ ತೆರೆಯಲಿಲ್ಲ. ಅದಕ್ಕೆ ಮೊದಲು ಅನೇಕ ಅಣುಗಳ ನಿಜವಾದ ಆಕೃತಿ ಅಳತೆಯಿಂದ ತಿಳಿಯಬೇಕಾಗಿತ್ತು.

ಇಲ್ಲಿಯೇ ಬೆಂಗಳೂರಿನ ಪ್ರಸಕ್ತಿ ಬರುತ್ತದೆ. ರಾಮನ್ ಪರಿಣಾಮವು ಬೆಂಗಳೂರಿನ ಶೋಧನೆಯೆಂದು ಅಭಿಮಾನದಿಂದ ಹೇಳುವವರುಂಟು. ಅದು ಸರಿಯಲ್ಲ, 1928ರ ಫೆಬ್ರವರಿ 28ರಂದು ಅದು ಗೋಚರಿಸಿದ್ದು ಕಲ್ಕತ್ತೆಯಲ್ಲಿ. ಆದರೆ ಅದೇ ವರ್ಷದ ಮಾರ್ಚ್ 16ರಂದು ಸರ್ ಸಿ. ವಿ. ರಾಮನ್ ಅವರು ಅದನ್ನು ವಿದ್ವಾಂಸರ ಮುಂದೆ ವಿಸ್ತಾರವಾಗಿ ವಿವರಿಸಿದ ಉಪನ್ಯಾಸವು ನಡೆದದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ. 1933ರಲ್ಲಿ ಅವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು.

ಈ ಪರಿಣಾಮಕ್ಕೂ ಆಕೃತಿಗೂ ಇರುವ ನಂಟನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಅಣುವಿನ ಮೇಲೆ ಬಿದ್ದ ಬೆಳಕು ಚದರಿದಾಗ ಅದರ ಅತ್ಯಲ್ಪ ಭಾಗದ ಬಣ್ಣ ಬದಲಾಗುತ್ತದೆ. ಆ ಬದಲಾವಣೆಯು ಅಣುವಿನ ಕಂಪನವನ್ನು ಸೂಚಿಸುತ್ತದೆ. ಇಂಗಾಲದ ಡೈಆಕ್ಸೈಡಿನಲ್ಲಿ ಎರಡು ಆಮ್ಲಜನಕ ಪರಮಾಣುಗಳೂ ಏಕಕಾಲದಲ್ಲಿ ಹೊರಕ್ಕೂ ಒಳಕ್ಕೂ ಸರಿಯುವ ಕಂಪನವು ರಾಮನ್ ರೋಹಿತದಲ್ಲಿ ಕಾಣುತ್ತದೆ, ಅತಿರಕ್ತ ರೋಹಿತದಲ್ಲಿ ಕಾಣುವುದಿಲ್ಲ. ನಡುವಣ ಬಿಂದುವಿನ ಎರಡು ಕಡೆಗಳೂ ಸಮವಾಗಿರುವ ಅಣುವಿನಲ್ಲಿ ಮಾತ್ರ ಹೀಗೆ ಒಂದರಲ್ಲಿ ಕಂಡದ್ದು ಮತ್ತೊಂದರಲ್ಲಿ ಮರೆಯಾಗುತ್ತದೆ. ಆದಕಾರಣ ಆ ಅಣು ನೇರವಾದುದು. ಗಂಧಕದ ಡೈಆಕ್ಸೈಡಿನಲ್ಲಿ ಈ ಮರೆಯಾಟವಿಲ್ಲ, ಅದು ಬಾಗಿದೆ.

ಇಂಥ ಅಳತೆಗಳು ಒಟ್ಟುಗೂಡಿದ ಮೇಲೆ 1939ರಲ್ಲಿ ಜಪಾನಿನ ರ್ಯೂತಾರೋ ತ್ಸುಚಿದನು ಎಲೆಕ್ಟ್ರಾನು ಜೋಡಿಗಳಿಗೂ ಆಕೃತಿಗೂ ಇರುವ ಸಂಬಂಧವನ್ನು ತನ್ನ ನಾಡಿನ ಭಾಷೆಯಲ್ಲಿಯೇ ಪ್ರಕಟಿಸಿದನು. ಮರುವರ್ಷ ಆಕ್ಸ್‌ಫರ್ಡಿನ ಸಿಜ್‌ವಿಕ್ ಮತ್ತು ಪೊವೆಲ್ ಅವರು ಸ್ವತಂತ್ರವಾಗಿ, ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದಲ್ಲಿ, ಅದೇ ತೀರ್ಮಾನವನ್ನು ಮಂಡಿಸಿದರು. ಪಾಶ್ಚಾತ್ಯ ಗ್ರಂಥಗಳಲ್ಲಿ ತ್ಸುಚಿದನ ಹೆಸರು ವಿರಳ. ದೇಶಭಾಷೆಯಲ್ಲಿ ಬರೆಯುವ ನಮಗೆ ಇದು ಅಷ್ಟೇನೂ ಅಪರಿಚಿತವಾದ ಅನುಭವವಲ್ಲ.

ಮುಂದಿನ ಹೆಜ್ಜೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನದು. ನೈಟ್ರಿಕ್ ಆಮ್ಲವು ಗಂಧಕಾಮ್ಲದಲ್ಲಿ ಕರಗಿದಾಗ ನೈಟ್ರೋನಿಯಂ ಅಯಾನು ಹುಟ್ಟುವುದೇ ಎಂಬ ಚರ್ಚೆ ಅಲ್ಲಿನ ಇಂಗೋಲ್ಡನ ಬಳಗದಲ್ಲಿ ನಡೆದಿತ್ತು. ಆ ದ್ರಾವಣದ ರಾಮನ್ ರೋಹಿತದಲ್ಲಿ ಸೆಂಟಿಮೀಟರಿಗೆ ಸುಮಾರು 1400 ತರಂಗಗಳ ಸ್ಥಾನದಲ್ಲಿ ಒಂದೇ ಒಂದು ರೇಖೆ ಈ ಅಯಾನಿಗೆ ಸಲ್ಲುವಂಥದಾಗಿ ಕಂಡಿತು; ಅಯಾನು ನೇರವಾಗಿದ್ದರೆ ನಿರೀಕ್ಷಿಸಬೇಕಾದದ್ದೂ ಅದೇ. ಅದೇ ಬಳಗದ ರೊನಾಲ್ಡ್ ಗಿಲೆಸ್ಪಿಯು ದ್ರಾವಣದ ಘನೀಭವನ ಬಿಂದುವನ್ನು ಅಳೆದು, ನೈಟ್ರಿಕ್ ಆಮ್ಲದ ಒಂದು ಅಣುವಿನಿಂದ ನಾಲ್ಕು ಕಣಗಳು ಹುಟ್ಟುವುದನ್ನು ತೋರಿಸಿದ ಕೆಲಸದಲ್ಲಿ ಪಾಲುಗೊಂಡನು. ಇವೆಲ್ಲವೂ 1950ರ ವೇಳೆಗೆ ಪ್ರಕಟವಾದುವು. 1957ರಲ್ಲಿ ಸಿಜ್‌ವಿಕ್ ಮತ್ತು ಪೊವೆಲ್ ಅವರ ವಾದವನ್ನು ಪರಿಷ್ಕರಿಸಿದ ಗಿಲೆಸ್ಪಿಯು ಈತನೇ. ಅವನ ಜೊತೆಗಾರ ಆಸ್ಟ್ರೇಲಿಯ ಮೂಲದ ನೈಹೋಮ್. ಬಂಧದಲ್ಲಿ ಸೇರದ ಜೋಡಿಯು ಹೆಚ್ಚು ಸ್ಥಳವನ್ನು ಆಕ್ರಮಿಸಿ ಬಂಧಗಳನ್ನು ಒತ್ತರಿಸುವುದೆಂಬುದು ಇವರ ಪರಿಷ್ಕಾರದ ತಿರುಳು. ಮೀಥೇನಿನಲ್ಲಿ ಅಂಥ ಜೋಡಿಯಿಲ್ಲ, ಅಮೋನಿಯದಲ್ಲಿ ಒಂದು, ನೀರಿನಲ್ಲಿ ಎರಡು. ಕೋನವು ಅದಕ್ಕನುಗುಣವಾಗಿ ಕುಗ್ಗುತ್ತದೆ.

ಇದೇ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಸಿ. ಎನ್. ಆರ್. ರಾವ್ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಲಿವಿಂಗ್‌ಸ್ಟನ್ನನೊಡನೆ ಎಲೆಕ್ಟ್ರಾನು ಕಿರಣಗಳನ್ನು ಅನಿಲದ ಮೂಲಕ ಹಾಯಿಸಿ ಅಣುಗಳ ಆಕೃತಿಯನ್ನು ಅಳೆಯುತ್ತಿದ್ದರು. ಇಬ್ಬರೂ ಸೇರಿ 1960ರಲ್ಲಿ ಮೀಥೈಲ್ ಅಝೈಡಿನ ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಇಂಗಾಲಕ್ಕೆ ಅಂಟಿದ ಸಾರಜನಕದ ಬಳಿ ಅಣು ಬಾಗಿದೆ. ಬಂಧದಲ್ಲಿ ಸೇರದ ಜೋಡಿ ಆ ಸಾರಜನಕದಲ್ಲಿರುವುದರಿಂದ ವಾದವು ಹೇಳುವುದೂ ಹಾಗೆಯೇ. ಅಷ್ಟರಲ್ಲಿ, 1959ರಲ್ಲಿಯೇ, ರಾವ್ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯನ್ನು ಸೇರಿದ್ದರು.

ವಾದದ ಕಠಿಣ ಪರೀಕ್ಷೆ ಮುಂದೆ ಬಂದಿತು. 1962ರಲ್ಲಿ ಜಡವೆನಿಸಿದ್ದ ಕ್ಸೆನಾನ್ ಅನಿಲವೂ ಸಂಯುಕ್ತಗಳನ್ನು ಕೊಡುವುದೆಂದು ತಿಳಿಯಿತು. ಕ್ಸೆನಾನ್ ಹೆಕ್ಸಫ್ಲೋರೈಡಿನ ಅಣುವು ಎಂಟು ಮುಖಗಳ ಸಮ ಘನಾಕೃತಿಯದೆಂದು ಹಲವರು ಬಗೆದರು. ಅಲ್ಲಿ ಏಳನೆಯ ಜೋಡಿಯೊಂದಿರುವುದರಿಂದ ಆಕೃತಿ ಕೆಟ್ಟಿರಲೇಬೇಕೆಂದು ಗಿಲೆಸ್ಪಿ ಹೇಳಿದನು. 1968ರಲ್ಲಿ ಪ್ರಕಟವಾದ ಎಲೆಕ್ಟ್ರಾನು ಕಿರಣದ ಅಳತೆಯು ಅವನ ಪಕ್ಷಕ್ಕೆ ಸಾಕ್ಷಿ ನುಡಿಯಿತು.

ಹಾಗೆಂದು ಈ ವಾದಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸಲಾಗದು. ಬೈರಮಂಗಲದ ಕೆರೆಯ ಮೂರನೆಯ ಅನಿಲವನ್ನೇ ತೆಗೆದುಕೊಳ್ಳೋಣ. ನೀರಿನಲ್ಲಿಯೂ ಹೈಡ್ರೋಜನ್ ಸಲ್ಫೈಡಿನಲ್ಲಿಯೂ ಜೋಡಿಗಳ ಎಣಿಕೆ ಒಂದೇ. ಎರಡೂ ಬಾಗಿರಬೇಕೆಂದು ವಾದವು ಹೇಳುತ್ತದೆ, ಅದು ನಿಜ. ಗಂಧಕವು ಬಂಧದ ಎಲೆಕ್ಟ್ರಾನುಗಳನ್ನು ಆಮ್ಲಜನಕದಷ್ಟು ಬಲವಾಗಿ ಎಳೆಯದೆ ಇರುವುದರಿಂದ ಆ ಜೋಡಿಗಳು ಪರಮಾಣುವಿನಿಂದ ದೂರ ಸರಿದು, ಕೋನ ಕಿರಿದಾಗುವುದೆಂಬ ಸಮಾಧಾನವೂ ಉಂಟು. ಆದರೆ ಅದು 92 ಅಂಶವೇ ಏಕೆ, 98 ಏಕಲ್ಲ ಎಂದು ಕೇಳಿದರೆ ಜೋಡಿಗಳ ಎಣಿಕೆಯಿಂದ ಉತ್ತರ ದೊರೆಯುವುದಿಲ್ಲ. ಆ ಅಂಕಿಯನ್ನು ಕೊಟ್ಟದ್ದು ರೋಹಿತದ ಅಳತೆ.