ವಿದ್ಯೆಯನ್ನು ಸುರಿಯುವ ಆಲಿಕೆ

ಅಂತರ್ಜಾಲದ ಹೊಸ ತಾಣವೊಂದನ್ನು ತೆರೆದೊಡನೆ ಪುಟ್ಟ ಚೌಕವೊಂದು ಎದ್ದು ನಿಂತು, ‘ಇಲ್ಲಿ ಒತ್ತಿರಿ, ಮುಂದಕ್ಕೆ ಹೋಗಿರಿ’ ಎಂದು ಊರು ತೋರಿಸುವವನಂತೆ ಹೇಳತೊಡಗುತ್ತದೆ. ನಮ್ಮಲ್ಲಿ ಬಹುಮಂದಿ ಅದನ್ನು ಓದದೆಯೇ ಮುಚ್ಚಿಬಿಡುತ್ತೇವೆ. ಈ ಮಾರ್ಗದರ್ಶನಕ್ಕೂ ಒಂದು ಇತಿಹಾಸವುಂಟು. ಅದು ಪಾಠ ಹೇಳುವ ವಿದ್ಯೆಯ ಇತಿಹಾಸವೇ ಆದ್ದರಿಂದ ಅಧ್ಯಾಪಕನಾದ ನನಗೆ ಅದರಲ್ಲಿ ವಿಶೇಷ ಆಸಕ್ತಿ.

1984ರಲ್ಲಿ ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಗಣಕಯಂತ್ರ ಹೊರಬಂದಾಗ, ಅದರೊಡನೆ ಒಂದು ಡಿಸ್ಕನ್ನೂ ಒಂದು ಕ್ಯಾಸೆಟ್ಟನ್ನೂ ಕೊಡುತ್ತಿದ್ದರು. ಕೊಂಡವರಲ್ಲಿ ಅನೇಕರು ಅದುವರೆಗೆ ಮೌಸನ್ನು ಮುಟ್ಟಿದವರಲ್ಲ. ಕ್ಯಾಸೆಟ್ಟಿನ ದನಿ ವಿವರಿಸುತ್ತಿದ್ದಂತೆ ಪರದೆಯ ಮೇಲೆ ಪ್ರದರ್ಶನ ನಡೆಯುತ್ತಿತ್ತು.

ಅದೇ ಕಾಲದಲ್ಲಿ ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿ ಜಾನ್ ಕ್ಯಾರಲ್ ಎಂಬ ವಿದ್ವಾಂಸರು ಹೊಸಬರು ಗಣಕವನ್ನು ಕಲಿಯುವ ರೀತಿಯನ್ನು ಪರಿಶೀಲಿಸಿದರು. ಕಲಿಯುವವರು ಕೈಪಿಡಿಯನ್ನು ಸಾಲಾಗಿ ಓದುವುದಿಲ್ಲ; ತಮ್ಮ ಕೆಲಸಕ್ಕೇ ನೇರವಾಗಿ ಕೈಹಾಕುತ್ತಾರೆ. ಇದನ್ನು ಕಂಡು, ಬರವಣಿಗೆಯ ಯಂತ್ರವೊಂದರಲ್ಲಿ ಆರಂಭದ ಕಲಿಕೆಗೆ ಬೇಡವಾದ ಆಜ್ಞೆಗಳನ್ನು ಅವರು ಮುಚ್ಚಿರಿಸಿದರು. ಹೊಸಬರು ಬೇಗನೆ ಕೆಲಸ ಆರಂಭಿಸಿದರು. ತಪ್ಪುಗಳಲ್ಲಿ ಕಳೆದುಹೋಗುವ ಹೊತ್ತೂ ಕಡಮೆಯಾಯಿತು.

1990ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕೆ ಅವರಿಟ್ಟ ಹೆಸರು ‘ನ್ಯೂರೆಂಬರ್ಗಿನ ಆಲಿಕೆ’. ಹದಿನೇಳನೆಯ ಶತಮಾನದಲ್ಲಿ ಆ ಜರ್ಮನ್ ನಗರದ ಕವಿ ಹಾರ್ಸ್‌ಡರ್ಫರ್, ಆರು ಗಂಟೆಗಳಲ್ಲಿ ಕಾವ್ಯಕಲೆಯನ್ನು ತಲೆಗೆ ಸುರಿಯುವುದಾಗಿ ಹೇಳಿ ಲಕ್ಷಣಗ್ರಂಥವೊಂದನ್ನು ಬರೆದಿದ್ದ. ಸಾಹಿತ್ಯ ಪಾಠ ಮಾಡುವವರಿಗೆ ಇದನ್ನು ಕೇಳಿದರೆ ನಗು ಬಾರದಿರದು. ಅಂಥ ಆಲಿಕೆ ಎಲ್ಲಿಯೂ ಇಲ್ಲವೆಂಬುದೇ ಕ್ಯಾರಲ್ಲರ ಸಿದ್ಧಾಂತ.

ಆದರೂ ಆಲಿಕೆಯ ಆಸೆ ಅಳಿಯಲಿಲ್ಲ. ಮೈಕ್ರೊಸಾಫ್ಟ್ ಸಂಸ್ಥೆಯ ಆಫೀಸ್ 97ರಲ್ಲಿ ಕಾಗದದ ಕ್ಲಿಪ್ಪೊಂದು ಕಣ್ಣು ಬಿಟ್ಟು, ಪತ್ರ ಬರೆಯತೊಡಗಿದವರನ್ನು ತಡೆದು ಸಲಹೆ ಕೊಡಲು ನಿಂತಿತು. ಜನ ಬೇಸತ್ತರು. 2001ರ ಆವೃತ್ತಿಯಲ್ಲಿ ಅದು ತಾನಾಗಿ ಕಾಣಿಸದಂತಾಯಿತು. 2007ರ ಆವೃತ್ತಿಯಲ್ಲಿ ಇಲ್ಲವೇ ಆಯಿತು.

ರೈಲಿನ ಟಿಕೆಟ್ಟು, ಬ್ಯಾಂಕಿನ ವ್ಯವಹಾರ, ಪರೀಕ್ಷೆಯ ಅರ್ಜಿ ಇವೆಲ್ಲ ಇಂದು ಪರದೆಯ ಮೂಲಕವೇ ಸಾಗುತ್ತಿವೆ. ಅಲ್ಲಿ ದಾರಿ ತಿಳಿಯದವನು ತನಗೆ ಸಲ್ಲಬೇಕಾದುದರಿಂದಲೇ ವಂಚಿತನಾಗುತ್ತಾನೆ. ಆದುದರಿಂದ ಮಾರ್ಗದರ್ಶನ ಬೇಕೇ ಬೇಕು. ಆದರೆ ಬಾಗಿಲಲ್ಲೇ ನಿಲ್ಲಿಸಿ ಹತ್ತು ಮಾತು ಹೇಳುವುದಕ್ಕಿಂತ, ಬೇಕಾದೆಡೆಯಲ್ಲಿ ಒಂದು ಮಾತು ಹೇಳುವುದು ಮೇಲು. ಬೇಡವೆಂದವನು ಅದನ್ನು ದಾಟಿ ಹೋಗುವಂತಿರಬೇಕು. ಮತ್ತೆ ಬೇಕೆಂದಾಗ ಅದು ಸಿಕ್ಕುವಂತಿರಬೇಕು. ಗುಂಡಿಯನ್ನು ಒತ್ತುವ ಬೆರಳು ಮಾತ್ರ ಕಲಿಯುವವನದೇ ಆಗಿರಲಿ.