ಕಡೇಚೂರಿನಿಂದ ಅಂಡಮಾನ್‌ಗೆ: ರೊಕ್ಕ ಕಟ್ಟೋ ಮುಂಚೆ ತಿಳಿದಿರಬೇಕಾದ ಮಾಹಿತಿ

ಕಡೇಚೂರು: ಅಂಡಮಾನ್ ಅನ್ನೋ ಹೆಸರು ಈ ಭಾಗದ ರೈತರಿಗೆ ಹೊಸದೇನಲ್ಲ. ಪ್ರತಿ ವರ್ಷ ಮೇ ತಿಂಗಳ ಮೂರನೇ ವಾರ ಬಂತೆಂದರೆ ‘ಅಂಡಮಾನ್‌ಗೆ ಮುಂಗಾರು ಪ್ರವೇಶ’ ಎಂಬ ಸುದ್ದಿಗಾಗಿ ಎಲ್ಲರೂ ಕಾಯುತ್ತಾರೆ. ಆ ಸುದ್ದಿ ಬಂದ ಮೇಲೆಯೇ ಬೀಜ, ಗೊಬ್ಬರದ ಮಾತು. ಈಗ ಅದೇ ದ್ವೀಪಗಳಿಗೆ ಪ್ರವಾಸ ಹೋಗುವ ಆಸೆ ಹಳ್ಳಿಗಳಿಗೂ ಬಂದಿದೆ. ಹೊಸದಾಗಿ ಮದುವೆಯಾದವರು, ಕೈಗಾರಿಕಾ ಪ್ರದೇಶದ ನೌಕರರು, ವರ್ಷಪೂರ್ತಿ ಅಂಗಡಿ ಬಾಗಿಲು ಹಾಕದ ವ್ಯಾಪಾರಸ್ಥರು ಮೊಬೈಲ್‌ನಲ್ಲಿ ಪ್ಯಾಕೇಜ್ ನೋಡುತ್ತಿದ್ದಾರೆ. ಮೊಬೈಲ್‌ನಲ್ಲಿ ಕಾಣುವ ಎಲ್ಲ ಪ್ಯಾಕೇಜ್‌ಗಳೂ ಅಸಲಿ ಅಲ್ಲ ಅನ್ನೋದೇ ಇಲ್ಲಿನ ತೊಂದರೆ. ಯಾವಾಗ ಹೋಗಬೇಕು, ಹೆಂಗ ಹೋಗಬೇಕು, ಯಾವುದನ್ನು ಮೊದಲು ಬುಕ್ ಮಾಡಬೇಕು, ಮೋಸ ಹೋದರೆ ಯಾರನ್ನು ಕೇಳಬೇಕು ಎಂಬ ವಿವರ ಇಲ್ಲಿದೆ.

ಊರ ಹೆಸರು ಬದಲಾಗಿದೆ, ಗೊಂದಲ ಬೇಡ

ಅಂಡಮಾನ್ ಮತ್ತು ನಿಕೋಬಾರ್ ಕೇಂದ್ರಾಡಳಿತ ಪ್ರದೇಶ. ಅದರ ರಾಜಧಾನಿ ಪೋರ್ಟ್ ಬ್ಲೇರ್‌ಗೆ ‘ಶ್ರೀ ವಿಜಯಪುರಂ’ ಎಂದು ಹೆಸರಿಡುವುದಾಗಿ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅದಕ್ಕೂ ಮುಂಚೆ, 2018ರ ಡಿಸೆಂಬರ್‌ನಲ್ಲಿ ಮೂರು ದ್ವೀಪಗಳ ಹೆಸರು ಬದಲಾಗಿದ್ದವು. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ರಾಸ್ ಈಗ ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. ಬುಕಿಂಗ್ ಆ್ಯಪ್‌ಗಳಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಬರುತ್ತವೆ. ಅವು ಬೇರೆ ಬೇರೆ ಊರುಗಳೆಂದು ತಿಳಿದು ಒಂದೇ ದ್ವೀಪದಲ್ಲಿ ಎರಡು ಕಡೆ ರೂಮ್ ಮಾಡಿಕೊಳ್ಳಬೇಡಿ.

ಭಾರತೀಯರಿಗೆ ಅಂಡಮಾನ್‌ಗೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಆಧಾರ್ ಅಥವಾ ಮತದಾರರ ಚೀಟಿ ಸಾಕು. ಆದರೆ ನಿಕೋಬಾರ್ ದ್ವೀಪಗಳಿಗೂ ಬುಡಕಟ್ಟು ಜನರ ಮೀಸಲು ಪ್ರದೇಶಗಳಿಗೂ ಪ್ರವಾಸಿಗರು ಹೋಗುವಂತಿಲ್ಲ. 1956ರಿಂದ ಇದಕ್ಕೆ ಪ್ರತ್ಯೇಕ ಕಾನೂನೇ ಇದೆ. ‘ನಿಕೋಬಾರ್ ಪ್ಯಾಕೇಜ್’ ಅಂತ ಯಾರಾದರೂ ಮಾರಿದರೆ ಅಲ್ಲೇ ಅನುಮಾನ ಪಡಬೇಕು. ವಿದೇಶದಲ್ಲಿ ನೆಲೆಸಿ ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಸಂಬಂಧಿಕರು ಜೊತೆಗೆ ಬರುವುದಾದರೆ ಅವರಿಗೆ ನಿಯಮ ಬೇರೆ. ಟಿಕೆಟ್ ಮಾಡೋ ಮುಂಚೆ ಅದನ್ನು ಅವರೇ ವಿಚಾರಿಸಿಕೊಳ್ಳಬೇಕು.

ಯಾವ ತಿಂಗಳು ಒಳ್ಳೇದು?

ಜನವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಸಮುದ್ರ ಶಾಂತ, ಮಳೆ ಕಡಿಮೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಬ್ಬರ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು, ಜೊತೆಗೆ ಬಂಗಾಳಕೊಲ್ಲಿಯ ಚಂಡಮಾರುತದ ಭಯ ಡಿಸೆಂಬರ್‌ವರೆಗೂ ಇರುತ್ತದೆ. ಗಾಳಿ ಎದ್ದರೆ ದ್ವೀಪಗಳ ನಡುವಿನ ಹಡಗು ಬಂದ್ ಆಗುತ್ತವೆ. ಮಳೆಗಾಲದ ‘ಅರ್ಧ ರೇಟ್ ಆಫರ್’ಗಳ ಗುಟ್ಟು ಇದೇ.

ಈ ಭಾಗದವರಿಗೆ ಲೆಕ್ಕ ಸುಲಭ. ತೊಗರಿ ರಾಶಿ ಮುಗಿದು, ಹತ್ತಿ ಮಾರಿ ಕೈಯಾಗ ರೊಕ್ಕ ಬರೋದು, ಅಂಡಮಾನ್ ಹವಾಮಾನ ಚಲೋ ಇರೋದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ಬಿಡುವುದು ಒಳ್ಳೇದು. ವಿಮಾನ, ರೂಮ್ ಎರಡರ ದರವೂ ಏರಿರುತ್ತದೆ. ಮಕ್ಕಳ ಶಾಲೆ ರಜೆಗೆ ಹೊಂದಿಸಿ ಏಪ್ರಿಲ್‌ನಲ್ಲಿ ಹೋಗುವವರು ತಿಂಗಳ ಮೊದಲ ಭಾಗವನ್ನೇ ಆರಿಸಿಕೊಳ್ಳಲಿ.

ಕಡೇಚೂರಿನಿಂದ ದಾರಿ

ವಿಮಾನಕ್ಕೆ ಇಲ್ಲಿಂದ ಅನುಕೂಲ ಹೈದರಾಬಾದ್‌ನ ಶಂಶಾಬಾದ್ ನಿಲ್ದಾಣ. ಅಲ್ಲಿಂದ, ಹಂಗೇ ಬೆಂಗಳೂರು ಮತ್ತು ಚೆನ್ನೈನಿಂದ ಅಂಡಮಾನ್‌ಗೆ ನೇರ ವಿಮಾನಗಳಿವೆ.

• ರಸ್ತೆ: ನಾರಾಯಣಪೇಟ, ಮಹಬೂಬ್‌ನಗರ ಕಡೆಯಿಂದ ಹೋದರೆ ಹೈದರಾಬಾದ್ ನಗರ ಹೊಕ್ಕುವ ಮುಂಚೆಯೇ ಶಂಶಾಬಾದ್ ಸಿಗುತ್ತದೆ. ನಾಲ್ಕೈದು ಜನ ಸೇರಿ ಗಾಡಿ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ.

• ರೈಲು: ಸೈದಾಪುರ ಹತ್ತಿರದ ನಿಲ್ದಾಣವಾದರೂ ಎಕ್ಸ್‌ಪ್ರೆಸ್ ರೈಲುಗಳಿಗೆ ಯಾದಗಿರಿಯೇ ಗತಿ. ಯಾದಗಿರಿಯಿಂದ ವಾಡಿ ಮೂಲಕ ಸಿಕಂದರಾಬಾದ್ ಕಡೆ ಹೋಗಬಹುದು. ದೇವರಕದ್ರ–ಕೃಷ್ಣಾ ಹೊಸ ಮಾರ್ಗದಲ್ಲಿ ಕಾಚಿಗುಡ–ರಾಯಚೂರು ರೈಲಿಗೆ 2023ರ ಅಕ್ಟೋಬರ್ 1ರಂದು ಚಾಲನೆ ಸಿಕ್ಕಿತು. ಕೃಷ್ಣಾ ನಿಲ್ದಾಣಕ್ಕೆ ಹೋಗಬಲ್ಲವರಿಗೆ ಅದೂ ಒಂದು ದಾರಿ.

• ಹಡಗು: ಚೆನ್ನೈ, ವಿಶಾಖಪಟ್ಟಣ, ಕೋಲ್ಕತ್ತಗಳಿಂದ ಸರ್ಕಾರಿ ಪ್ರಯಾಣಿಕರ ಹಡಗುಗಳಿವೆ. ಚೆನ್ನೈನಿಂದ ಮೂರು ದಿನದ ಹತ್ತಿರ ಹಿಡಿಯುತ್ತದೆ. ದಿನಾ ಇರುವುದಿಲ್ಲ, ವೇಳಾಪಟ್ಟಿ ಬದಲಾಗುತ್ತಿರುತ್ತದೆ. ಹೋಗುವಾಗ ಹಡಗು, ಬರುವಾಗ ವಿಮಾನ ಅಂತ ಲೆಕ್ಕ ಹಾಕುವವರು ಕೈಯಲ್ಲಿ ಹೆಚ್ಚುವರಿ ದಿನ ಇಟ್ಟುಕೊಂಡಿರಬೇಕು.

ಅಂಡಮಾನ್‌ನ ವಿಮಾನಗಳು ಬಹುತೇಕ ಬೆಳಗಿನ ಹೊತ್ತಿನವು. ಅದಕ್ಕಾಗಿ ಹಿಂದಿನ ರಾತ್ರಿಯೇ ಹೈದರಾಬಾದ್ ಸೇರಿರಬೇಕು. ಬೆಳಿಗ್ಗೆ ಊರಿಂದ ಹೊರಟು ವಿಮಾನ ಹಿಡಿಯುವ ಸಾಹಸ ಬೇಡ.

ಬುಕಿಂಗ್ ಕ್ರಮ ಹೀಗಿರಲಿ

1. ಮೊದಲು ದಿನಾಂಕ. ಹೋಗಿಬರುವ ದಾರಿಯೂ ಸೇರಿ ಎಂಟು ದಿನ ಬೇಕು. ಅಂಗಡಿ ಯಾರು ನೋಡಿಕೊಳ್ಳುತ್ತಾರೆ, ದನಕರುಗಳ ಜವಾಬ್ದಾರಿ ಯಾರದು ಎಂಬುದು ಇತ್ಯರ್ಥವಾದ ಮೇಲೆಯೇ ಮುಂದಿನ ಹೆಜ್ಜೆ.

2. ಆಮೇಲೆ ವಿಮಾನ. ಎರಡು ಮೂರು ತಿಂಗಳು ಮುಂಚೆ, ಹೋಗಿಬರುವ ಟಿಕೆಟ್ ಎರಡನ್ನೂ ಕೂಡಿಯೇ ಮಾಡಿಸಿ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆ ಒಬ್ಬರದೇ ಹೆಸರು ಒಂದು ದಾಖಲೆಯಲ್ಲಿ ತಂದೆಯ ಹೆಸರಿನೊಂದಿಗೆ, ಇನ್ನೊಂದರಲ್ಲಿ ಬರೀ ಇನಿಶಿಯಲ್‌ನೊಂದಿಗೆ ಇರೋದು ಸಾಮಾನ್ಯ. ಅದರಿಂದ ವಿಮಾನ ನಿಲ್ದಾಣದ ಗೇಟ್‌ನಲ್ಲೇ ತೊಂದರೆ ಆಗಬಹುದು.

3. ಮೂರನೆಯದು ದ್ವೀಪಗಳ ನಡುವಿನ ಹಡಗು. ಸರ್ಕಾರಿ ಹಡಗಿನ ದರ ಕಡಿಮೆ, ಸೀಟು ಸಿಗೋದು ಕಷ್ಟ. ಖಾಸಗಿ ಹಡಗು ದುಬಾರಿ, ಆದರೆ ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ ಸುಮಾರು ಒಂದೂವರೆ ತಾಸಿನಲ್ಲಿ ಮುಟ್ಟಿಸುತ್ತದೆ.

4. ನಾಲ್ಕನೆಯದು ರೂಮ್. ಹಡಗಿನ ದಿನಾಂಕ ಖಚಿತವಾದ ಮೇಲೆ ರೂಮ್ ಮಾಡಿದರೆ ಅದಲುಬದಲು ಮಾಡುವ ತಾಪತ್ರಯ ಇರುವುದಿಲ್ಲ. ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದನ್ನೇ ಹುಡುಕಿ.

5. ಕೊನೆಗೆ ರೈಲು. 2024ರ ನವೆಂಬರ್ 1ರಿಂದ ಮುಂಗಡ ರಿಸರ್ವೇಶನ್ 120 ದಿನದ ಬದಲು 60 ದಿನ ಮುಂಚೆ ಮಾತ್ರ ಶುರುವಾಗುತ್ತದೆ. ಆ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ಐಆರ್‌ಸಿಟಿಸಿ ಪ್ರವಾಸ ವಿಭಾಗ ಆಗಾಗ ವಿಮಾನ ಸಹಿತ ಅಂಡಮಾನ್ ಪ್ಯಾಕೇಜ್ ಪ್ರಕಟಿಸುತ್ತದೆ. ಯಾವ ಊರಿನಿಂದ ಹೊರಡುತ್ತದೆ, ಊಟ ಎಷ್ಟು ಹೊತ್ತು, ಹಡಗಿನ ಟಿಕೆಟ್ ಸೇರಿದೆಯೋ ಇಲ್ಲವೋ ನೋಡಿಯೇ ಹಣ ಕಟ್ಟಬೇಕು.

ಆರು ದಿನದ ಸರಳ ಯೋಜನೆ

ಮೊದಲ ದಿನ ಶ್ರೀ ವಿಜಯಪುರಂ ತಲುಪಿ ಸೆಲ್ಯುಲಾರ್ ಜೈಲ್ ನೋಡುವುದು. ಎರಡನೇ ದಿನ ಸ್ವರಾಜ್ ದ್ವೀಪ, ಸಂಜೆ ರಾಧಾನಗರ ಕಡಲತೀರ. ಮೂರನೇ ದಿನ ಅಲ್ಲೇ ಉಳಿದು ಎಲಿಫೆಂಟ್ ಬೀಚ್. ನಾಲ್ಕನೇ ದಿನ ಶಹೀದ್ ದ್ವೀಪ. ಐದನೇ ದಿನ ಮತ್ತೆ ಶ್ರೀ ವಿಜಯಪುರಂ. ಆರನೇ ದಿನ ವಿಮಾನ.

ಇದರಲ್ಲಿ ಐದನೇ ದಿನವನ್ನು ಎಂದೂ ಉಳಿಸಲು ಹೋಗಬಾರದು. ಹಡಗಿನಲ್ಲಿ ಬಂದು ಅದೇ ದಿನ ವಿಮಾನ ಹಿಡಿಯುವ ಲೆಕ್ಕ ಹಾಕಿದರೆ, ಸಮುದ್ರ ಕೆಟ್ಟು ಹಡಗು ನಿಂತಾಗ ಇಡೀ ಕುಟುಂಬದ ವಿಮಾನ ಟಿಕೆಟ್ ಹೋಗುತ್ತದೆ. ಅಂಡಮಾನ್ ಪ್ರವಾಸದಲ್ಲಿ ಆಗಬಹುದಾದ ದೊಡ್ಡ ನಷ್ಟ ಇದು. ಒಂದು ರಾತ್ರಿಯ ರೂಮ್ ಬಾಡಿಗೆ ಅದಕ್ಕಿಂತ ಎಷ್ಟೋ ಅಗ್ಗ.

ದ್ವೀಪಗಳು ತೀರಾ ಪೂರ್ವಕ್ಕೆ ಇರುವುದರಿಂದ ಯಾದಗಿರಿಗಿಂತ ಸುಮಾರು ಒಂದು ತಾಸು ಮೊದಲೇ ಬೆಳಕಾಗುತ್ತದೆ, ಕತ್ತಲೂ ಹಂಗೇ ಬೇಗ ಆಗುತ್ತದೆ. ಚಳಿಗಾಲದಲ್ಲಿ ಸಂಜೆ 5ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಬೇಗ ಏಳದವರಿಗೆ ಅರ್ಧ ಪ್ರವಾಸ ಖೋತಾ.

ಸೆಲ್ಯುಲಾರ್ ಜೈಲ್ ಕಟ್ಟಿದ್ದು 1896ರಿಂದ 1906ರ ನಡುವೆ. ಏಳು ಸಾಲುಗಳಲ್ಲಿ ಈಗ ಉಳಿದಿರೋದು ಮೂರೇ. ಅಂಡಮಾನ್‌ನಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಶುರು ಮಾಡಿದ್ದು ಅದಕ್ಕೂ ಮುಂಚೆ, 1858ರ ಮಾರ್ಚ್‌ನಲ್ಲಿ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದದ್ದೂ ಅದೇ ವರ್ಷ. ಮಕ್ಕಳಿಗೆ ಈ ಮಾತು ಹೇಳಿ ಜೈಲು ತೋರಿಸಿದರೆ ಅವರಿಗೆ ಅದರ ಅರ್ಥ ಬೇರೆಯೇ ಆಗುತ್ತದೆ.

ಭಾಷೆ, ಊಟ, ಹಣ

ಅಲ್ಲಿ ಬಂಗಾಳಿ, ಹಿಂದಿ, ತಮಿಳು, ತೆಲುಗು ಮಾತಾಡುವವರಿದ್ದಾರೆ. ತೆಲಂಗಾಣದ ಗಡಿಯಲ್ಲಿರುವ ನಮ್ಮವರಿಗೆ ತೆಲುಗು, ಹಿಂದಿ ಎರಡೂ ಕೆಲಸಕ್ಕೆ ಬರುತ್ತವೆ. ಸಸ್ಯಾಹಾರಿ ಊಟ ಸಿಗುತ್ತದೆ, ಆದರೆ ಸಣ್ಣ ದ್ವೀಪಗಳಲ್ಲಿ ಆಯ್ಕೆ ಕಡಿಮೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಎರಡು ದಿನ ಚಿಂತೆಯಿಲ್ಲ. ಉಪ್ಪಿನಕಾಯಿ, ಎಣ್ಣೆಯಂಥವು ಕೈಚೀಲದಲ್ಲಿ ಬೇಡ, ಗಟ್ಟಿಯಾಗಿ ಕಟ್ಟಿ ಚೆಕ್-ಇನ್ ಬ್ಯಾಗ್‌ನಲ್ಲಿರಲಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಚೆನ್ನೈನಿಂದ ಸಮುದ್ರದಡಿ ಹಾಕಿದ ಕೇಬಲ್ 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಮೇಲೆ ಅಲ್ಲಿನ ಇಂಟರ್‌ನೆಟ್ ಸುಧಾರಿಸಿದೆ. ಆದರೂ ಎಲ್ಲ ಕಡೆ ನೆಟ್‌ವರ್ಕ್ ಸಿಗುತ್ತದೆ ಅಂತ ಫೋನ್‌ಪೇ ಮೇಲೆಯೇ ಭಾರ ಹಾಕಬೇಡಿ. ಎರಡು ದಿನಕ್ಕಾಗುವಷ್ಟು ನಗದು, ಟಿಕೆಟ್‌ಗಳ ಪ್ರಿಂಟ್ ಜೊತೆಗಿರಲಿ.

ನೀರಿನಲ್ಲಿ ಎಚ್ಚರ

ಕೃಷ್ಣಾ, ಭೀಮಾ ನದಿಯಲ್ಲಿ ಈಜು ಕಲಿತವರಿಗೂ ಸಮುದ್ರ ಹೊಸದು. ಅಲೆ ತೀರಕ್ಕೆ ಬಂದು ವಾಪಸ್ ಹೋಗುವಾಗ ಒಳಗೆ ಎಳೆಯುತ್ತದೆ. ಕೆಲವು ತೀರಗಳಲ್ಲಿ ಮೊಸಳೆ ಇರುವ ಬಗ್ಗೆ ಎಚ್ಚರಿಕೆ ಫಲಕ ಹಾಕಿದ್ದಾರೆ. ಅಂಥ ಕಡೆ ಕಾಲಿಡಬೇಡಿ. ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲದೆ ಕೂರಬೇಡಿ. ಸ್ಕೂಬಾ ಡೈವಿಂಗ್ ಮಾಡಿದವರು ಕನಿಷ್ಠ 18ರಿಂದ 24 ತಾಸು ವಿಮಾನ ಹತ್ತಬಾರದು. ಬಿಪಿ, ಹೃದಯ, ಉಬ್ಬಸದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ನೀರಿಗಿಳಿಯಬಾರದು.

ತೀರದಲ್ಲಿ ಬಿದ್ದಿರುವ ಹವಳದ ತುಂಡನ್ನು ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಂಡರೆ ಅದು ಅಪರಾಧ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ವೇಳೆ ಸಿಕ್ಕಿಬೀಳುತ್ತಾರೆ. ಬಾರಾಟಾಂಗ್‌ಗೆ ಹೋಗುವ ರಸ್ತೆ ಜಾರವಾ ಜನರ ಮೀಸಲು ಪ್ರದೇಶದ ಮೂಲಕ ಹಾದುಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿನ್ನಲು ಕೊಡುವುದು ಎಲ್ಲವೂ ನಿಷಿದ್ಧ.

ಲಕ್ಷದ್ವೀಪ, ಮಾಲ್ಡೀವ್ಸ್ ಹೇಗೆ?

ಲಕ್ಷದ್ವೀಪದ ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗ ಅಲ್ಲಿಗೆ ಹೋಗಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪರವಾನಗಿ ಕೈಗೆ ಬರುವವರೆಗೆ ವಿಮಾನ ಟಿಕೆಟ್ ಮಾಡಬಾರದು. ಹಡಗು ಪ್ರವಾಸ ಕೊಚ್ಚಿಯಿಂದ ಹೊರಡುತ್ತದೆ.

ಮಾಲ್ಡೀವ್ಸ್, ಬಾಲಿಯಂಥ ಹೊರದೇಶದ ದ್ವೀಪಗಳಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ಹೊಸ ಪಾಸ್‌ಪೋರ್ಟ್‌ಗೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಅವಧಿ ಮುಗಿಯಲು ಕನಿಷ್ಠ ಆರು ತಿಂಗಳು ಬಾಕಿ ಇರುವುದು ಕ್ಷೇಮ. ಮಾಲ್ಡೀವ್ಸ್‌ನಲ್ಲಿ ಇಳಿದ ಮೇಲೆ ಪ್ರವಾಸಿ ವೀಸಾ ಉಚಿತ. ಪ್ರಯಾಣಕ್ಕೆ ಮುಂಚಿನ 96 ತಾಸಿನೊಳಗೆ ಆನ್‌ಲೈನ್ ಘೋಷಣೆ ತುಂಬಬೇಕು, ಅದೂ ಉಚಿತ. ಇದಕ್ಕೆ ದುಡ್ಡು ಕೇಳುವ ವೆಬ್‌ಸೈಟ್‌ಗಳಿಂದ ದೂರ ಇರಿ. ಬಾಲಿಯಲ್ಲಿ ವೀಸಾ ಶುಲ್ಕದ ಜೊತೆಗೆ 2024ರ ಫೆಬ್ರುವರಿಯಿಂದ ಪ್ರತ್ಯೇಕ ಪ್ರವಾಸಿ ಶುಲ್ಕವೂ ಇದೆ. ವಿದೇಶ ಪ್ಯಾಕೇಜ್ ಕೊಂಡಾಗ ಟಿಸಿಎಸ್ ಹೆಸರಿನಲ್ಲಿ ಹಿಡಿಯುವ ತೆರಿಗೆಯನ್ನು ಐಟಿ ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು. ಅದಕ್ಕೆ ಪ್ಯಾನ್ ನಂಬರ್ ಸರಿಯಾಗಿ ಕೊಟ್ಟಿರಬೇಕು.

ಮೋಸ ಹೋಗದಿರಲು

• ಫೇಸ್‌ಬುಕ್, ವಾಟ್ಸ್‌ಆ್ಯಪ್ ಜಾಹೀರಾತು ನೋಡಿ, ಯಾರದೋ ಖಾಸಗಿ ಹೆಸರಿನ ಯುಪಿಐಗೆ ರೊಕ್ಕ ಹಾಕಬೇಡಿ. ಸಂಸ್ಥೆಯ ಬ್ಯಾಂಕ್ ಖಾತೆ, ಜಿಎಸ್‌ಟಿ ಬಿಲ್ ಕೇಳಿ. ಜಿಎಸ್‌ಟಿ ಸಂಖ್ಯೆ ಅಸಲಿಯೋ ನಕಲಿಯೋ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅಂಗಡಿಯವರಿಗೆ ಇದು ಗೊತ್ತಿರುವ ಕೆಲಸವೇ.

• ಏಜೆಂಟ್ ಕೊಟ್ಟ ವಿಮಾನ ಟಿಕೆಟ್‌ನ ಪಿಎನ್‌ಆರ್ ಸಂಖ್ಯೆಯನ್ನು ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲೇ ಹಾಕಿ ನೋಡಿ. ಹೋಟೆಲ್‌ಗೆ ನೇರವಾಗಿ ಫೋನ್ ಮಾಡಿ ನಿಮ್ಮ ಹೆಸರಿನಲ್ಲಿ ರೂಮ್ ಇದೆಯಾ ಕೇಳಿ.

• ‘ಇವತ್ತೇ ಕೊನೆ ದಿನ, ಪೂರ್ತಿ ಹಣ ಕಟ್ಟಿ’ ಎನ್ನುವವರ ಬಳಿ ಒಂದು ದಿನ ತಡ ಮಾಡಿ ನೋಡಿ. ಅಸಲಿ ಏಜೆಂಟ್ ಕಾಯುತ್ತಾನೆ.

• ವಿಮಾನ ಟಿಕೆಟ್ ರದ್ದಾದಾಗ ‘ಏನೂ ವಾಪಸ್ ಬರಲ್ಲ’ ಎಂದರೆ ಸುಮ್ಮನಾಗಬೇಡಿ. ಸರ್ಕಾರಿ ತೆರಿಗೆ, ನಿಲ್ದಾಣ ಶುಲ್ಕದ ಭಾಗ ಪ್ರಯಾಣಿಕರಿಗೆ ಮರಳಬೇಕು ಎಂಬ ನಿಯಮವಿದೆ.

• ಹಣ ಹೋಗಿದೆ ಎಂದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಬೇರೆ ಖಾತೆಗೆ ಹೋಗುವ ಮುಂಚೆ ತಡೆಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಮನೆಯವರಿಗೆ ಹೇಳದೆ ಒಂದು ರಾತ್ರಿ ಕಳೆದರೆ ಆ ಅವಕಾಶ ಹೋಗುತ್ತದೆ.

• ಹೇಳಿದ ಸೇವೆ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ಏಜೆಂಟ್ ಯಾವ ಊರಿನವನಾದರೂ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ವ್ಯಾಪ್ತಿಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಅದಕ್ಕಾಗಿ ವಾಟ್ಸ್‌ಆ್ಯಪ್ ಮಾತುಕತೆ, ರಸೀದಿ, ಬ್ಯಾಂಕ್ ಸಂದೇಶ ಯಾವುದನ್ನೂ ಅಳಿಸಬಾರದು.

ದರ, ಹಡಗಿನ ವೇಳೆ, ವೀಸಾ ನಿಯಮ ಆಗಾಗ ಬದಲಾಗುತ್ತವೆ. ರೊಕ್ಕ ಕಟ್ಟುವ ದಿನ ಇನ್ನೊಮ್ಮೆ ಆಯಾ ಇಲಾಖೆಯ ಅಧಿಕೃತ ವೆಬ್‌ಸೈಟ್‌ನಲ್ಲಿ ಖಚಿತಪಡಿಸಿಕೊಳ್ಳಿ.